ಗುಬ್ಬಿಯ ದಾರಿಯಲ್ಲಿ ಕುಂಟಿದ ಕಾರು

ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಹೆದ್ದಾರಿಯು ನೆಲಮಂಗಲವನ್ನು ದಾಟಿದ ಮೇಲೆಯೇ ಪ್ರಯಾಣಿಕನಿಗೆ ತಾನು ನಗರದಿಂದ ಹೊರಬಿದ್ದೆನೆಂಬ ನಂಬಿಕೆಯನ್ನು ಹುಟ್ಟಿಸುತ್ತದೆ. ಅಲ್ಲಿಯವರೆಗೆ ಉಗ್ರಾಣಗಳು, ತಗಡಿನ ಛಾವಣಿಗಳು, ಲಾರಿಗಳ ಮುಗಿಯದ ಸಾಲು. ಅನಂತರ ಎಡಗಡೆಯಲ್ಲಿ ಶಿವಗಂಗೆಯ ಬೆಟ್ಟ ಮೆಲ್ಲನೆ ಮೇಲೇಳುತ್ತದೆ. ಈ ಬೆಟ್ಟಕ್ಕೆ ಒಂದು ವಿಶೇಷವುಂಟು: ಪೂರ್ವದಿಂದ ನೋಡಿದವರಿಗೆ ಅದು ನಂದಿ, ಪಶ್ಚಿಮದಿಂದ ಗಣಪತಿ, ಉತ್ತರದಿಂದ ಸರ್ಪ, ದಕ್ಷಿಣದಿಂದ ಲಿಂಗ. ಬೆಟ್ಟ ಒಂದೇ, ನೋಡುವವನು ನಿಂತ ಜಾಗ ಬೇರೆ ಬೇರೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬರುವ ಮೋಟಾರಿನ ಪ್ರಸಂಗಕ್ಕೆ ಉಪಯೋಗವಾದೀತು.

ತುಮಕೂರು ಬೆಂಗಳೂರಿನಿಂದ 70 ಕಿಲೋಮೀಟರು. ಊರನ್ನು ಮುಟ್ಟುವ ಮೊದಲೇ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ದಾರಿಗಡ್ಡವಾಗುತ್ತದೆ. ಅದನ್ನು ದಾಟಿ ಹೋದೆನೆನ್ನುವವರನ್ನು ನಾನು ಇನ್ನೂ ಕಂಡಿಲ್ಲ. ಅಲ್ಲಿಂದ ಬಲಕ್ಕೆ ಹೊರಳಿದರೆ ಸಿದ್ಧಗಂಗೆ. 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ದೇಹವಿಟ್ಟ ಶ್ರೀ ಶಿವಕುಮಾರ ಸ್ವಾಮಿಗಳು ಕಾಪಾಡಿಕೊಂಡು ಬಂದ ಒಲೆ ಅಲ್ಲಿ ಈಗಲೂ ಆರಿಲ್ಲ. ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ತುಮಕೂರಿನಿಂದ ದಾರಿಗಳು ಕವಲೊಡೆಯುತ್ತವೆ. ಶಿವಮೊಗ್ಗದ ರಸ್ತೆಯನ್ನು ಹಿಡಿದರೆ ಸುಮಾರು 20 ಕಿಲೋಮೀಟರಿಗೆ ಗುಬ್ಬಿ. ದಕ್ಷಿಣಕ್ಕೆ ಗೂಳೂರು, ಹೆಬ್ಬೂರುಗಳ ಮೇಲೆ ಹಾಯ್ದರೆ ಕುಣಿಗಲ್. ಎರಡು ದಿನದಲ್ಲಿ ಈ ಮೂರು ಊರುಗಳನ್ನೂ ನೋಡಿಕೊಂಡು, ಗುಬ್ಬಿಯಲ್ಲಿ ನಮ್ಮ ಅತ್ತೆಯವರ ತಂಗಿಯ ಮನೆಯಲ್ಲಿ ಒಂದು ರಾತ್ರಿ ತಂಗಿ, ಕುಣಿಗಲ್ ಮಾರ್ಗವಾಗಿ ಹಿಂದಿರುಗುವುದೆಂದು ನಮ್ಮ ಏರ್ಪಾಡು. ಕಾರಿನಲ್ಲಿದ್ದವರು ನಾಲ್ವರು: ಎಂಬತ್ತು ದಾಟಿದ ಅತ್ತೆಯವರು, ನನ್ನ ಶ್ರೀಮತಿ, ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ, ಮತ್ತು ನಾನು.

ಕಾರು ಡೀಸೆಲಿನದು, ಒಂಬತ್ತು ವರ್ಷದ್ದು. ಅದನ್ನು ಮಾಡಿದವರ ಹೆಸರು ಇಲ್ಲಿ ಅನಗತ್ಯ. ನಾನು ಹೇಳಲಿರುವ ವ್ಯಾಧಿ ಯಾವ ಮನೆತನದ ಡೀಸೆಲ್ ಕಾರಿಗಾದರೂ ಬರತಕ್ಕದ್ದು.

ದಾಬಸ್‌ಪೇಟೆಯ ಮೇಲುಸೇತುವೆಯನ್ನು ಏರುತ್ತಿದ್ದಾಗ ಅದು ತಲೆದೋರಿತು. ಗಂಟೆಗೆ ಎಂಬತ್ತರ ವೇಗದಲ್ಲಿದ್ದ ಗಾಡಿ ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತೆ ಸೋತಿತು. ಆಕ್ಸಿಲರೇಟರನ್ನು ಕೊನೆಯವರೆಗೆ ತುಳಿದರೂ ಎಂಜಿನಿಗೆ ಅದು ಕೇಳಿಸಿದಂತೆ ತೋರಲಿಲ್ಲ. ಎದುರಿನ ಫಲಕದಲ್ಲಿ ಎಂಜಿನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡಿತು. ಹಿಂದೆ ಕಬ್ಬಿಣದ ಸರಳುಗಳನ್ನು ಹೇರಿಕೊಂಡ ಲಾರಿ. ಅದರ ಹಾರನ್ನು ನಮ್ಮ ಬೆನ್ನಿಗೇ ತಾಗಿದಂತಿತ್ತು. ಎಡಕ್ಕೆ ಸರಿದು, ನಾಲ್ಕೂ ಮೂಲೆಯ ದೀಪಗಳನ್ನು ಮಿನುಗಿಸಿ, ಸೇತುವೆಯಿಳಿದು ಅಂಚಿನಲ್ಲಿ ನಿಲ್ಲಿಸುವವರೆಗೆ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ಲಾರಿಯವನು ಒಂದು ಕ್ಷಣ ತಡವಾಗಿ ಬ್ರೇಕು ಒತ್ತಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಡೀಸೆಲ್ ಕಾರಿನ ಎಳೆತ ತಪ್ಪುವುದನ್ನು ಬರಿಯ ಖರ್ಚಿನ ಪ್ರಶ್ನೆಯೆಂದು ಎಣಿಸುವವರು ಹೆದ್ದಾರಿಯ ಏರಿನಲ್ಲಿ ಒಮ್ಮೆ ಅದನ್ನು ಅನುಭವಿಸಿ ನೋಡಬೇಕು.

ನಿಲ್ಲಿಸಿದೊಡನೆ ಮೊದಲು ನೋಡಬೇಕಾದದ್ದು ಕೆಂಪು ದೀಪಗಳನ್ನು. ಎಣ್ಣೆಯ ಕುಡಿಕೆಯ ಚಿತ್ರವಾಗಲಿ, ನೀರಿನಲ್ಲಿ ನೆಟ್ಟ ಉಷ್ಣಮಾಪಕದ ಚಿತ್ರವಾಗಲಿ ಕೆಂಪಗೆ ಹತ್ತಿದರೆ ಕೀಲಿಯನ್ನು ತಿರುಗಿಸಿ ಎಂಜಿನನ್ನು ಆರಿಸಬೇಕು. ಅಲ್ಲಿಂದ ಒಂದು ಮಾರು ದೂರವೂ ಓಡಿಸಲಾಗದು. ಹಳದಿಯ ಮಾತು ಬೇರೆ. ಅದು ಸಾಕ್ಷಿ ಹೇಳಲು ಬಂದವನ ಹಾಗೆ: ಕೇಳುವವರೆಗೆ ಕಾದಿರುತ್ತದೆ. ನಮ್ಮಲ್ಲಿ ಕೆಂಪು ದೀಪ ಯಾವುದೂ ಇರಲಿಲ್ಲ. ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದೆ; ಮಟ್ಟ ಸರಿಯಾಗಿತ್ತು. ಇದನ್ನು ನೋಡುವುದಕ್ಕೆ ಕಾರಣವಿದೆ. ಟರ್ಬೊದ ಒಳಗಿನ ಎಣ್ಣೆಯ ತಡೆ ಹರಿದಿದ್ದರೆ ಡೀಸೆಲ್ ಎಂಜಿನು ತನ್ನ ಎಣ್ಣೆಯನ್ನೇ ಕುಡಿದುಕೊಂಡು, ಕೀಲಿ ತೆಗೆದರೂ ನಿಲ್ಲದೆ, ಒಡೆದುಹೋಗುವವರೆಗೆ ಓಡುವುದುಂಟು.

ಐದು ನಿಮಿಷ ಬಿಟ್ಟು ಮತ್ತೆ ಚಾಲೂ ಮಾಡಿದಾಗ ಕಾರು ಸಾಧುವಾಗಿ ಓಡಿತು. ಹಳದಿ ದೀಪ ಮಾತ್ರ ಉಳಿದುಕೊಂಡಿತ್ತು. ಹಿರೇಹಳ್ಳಿಯನ್ನು ದಾಟುವ ಮುನ್ನ ಮತ್ತೆ ಅದೇ ಸೋಲು. ನನ್ನ ಸೋದರಳಿಯ ಅಷ್ಟರಲ್ಲಿ ಚೀಲದಿಂದ ಹೆಬ್ಬೆರಳಿನಷ್ಟು ದಪ್ಪದ ಒಂದು ಸಾಧನವನ್ನು ತೆಗೆದಿದ್ದ. ಸ್ಟಿಯರಿಂಗಿನ ಕೆಳಗಿರುವ ಹದಿನಾರು ಕಾಲಿನ ಕಿಂಡಿಗೆ ಅದನ್ನು ಸಿಕ್ಕಿಸಿದರೆ ದೋಷದ ಸಂಖ್ಯೆ ಫೋನಿನಲ್ಲಿ ಮೂಡುತ್ತದೆ. ಮೂಡಿತು: ಪಿ 0299.

“ಮಾವ, ಇದನ್ನು ಅಳಿಸಿಬಿಡೋಣ. ದೀಪ ಆರಿಹೋಗುತ್ತೆ,” ಎಂದ.

“ಏನು ಬರೆದಿದೆಯೋ ಮೊದಲು ಓದಿಕೊಳ್ಳಪ್ಪ. ಓದದೆ ಯಾಕೆ ಅಳಿಸ್ತೀಯ?” ಎಂದರು ಹಿಂದಿನಿಂದ ಅತ್ತೆಯವರು. ಅವರು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು, ಸ್ಲೇಟುಗಳನ್ನು ಬಲ್ಲರು.

ಇಲ್ಲಿ ಡೀಸೆಲ್ ಎಂಜಿನಿನ ವಿಚಾರವಾಗಿ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಪೆಟ್ರೋಲ್ ಕಾರಿನಲ್ಲಿ ಆಕ್ಸಿಲರೇಟರನ್ನು ತುಳಿದಾಗ ಥ್ರಾಟಲ್ ಎಂಬ ಬಾಗಿಲು ತೆರೆದು ಗಾಳಿ ಹೆಚ್ಚಾಗಿ ಒಳನುಗ್ಗುತ್ತದೆ. ಇಂಧನ ಗಾಳಿಯನ್ನು ಅನುಸರಿಸುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಓಡಿಸಿ ತೋರಿಸಿದ ಯಂತ್ರಕ್ಕೆ ಇಂಥ ಬಾಗಿಲಿನ ಅಗತ್ಯವಿರಲಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನಾಗಿಯೇ ಕಾಯುತ್ತದೆ. ಆ ಕಾವಿನಲ್ಲಿ ಚಿಮುಕಿಸಿದ ಇಂಧನ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಡೀಸೆಲ್ ಗಾಡಿಯ ಪೆಡಲು ಅಳೆಯುವುದು ಗಾಳಿಯನ್ನಲ್ಲ, ಇಂಧನವನ್ನು. ಈಗಿನ ಡೀಸೆಲ್ ಕಾರುಗಳಲ್ಲಿಯೂ ಥ್ರಾಟಲ್ ಎಂಬ ಬಾಗಿಲು ಇರುತ್ತದೆ, ನಿಜ. ಆದರೆ ಅದರ ಕೆಲಸ ಹೊಗೆಯ ಒಂದು ಭಾಗವನ್ನು ಮರಳಿ ಎಂಜಿನಿಗೆ ಸೇದಿಕೊಳ್ಳಲು ನೆರವಾಗುವುದು, ಮತ್ತು ಕೀಲಿ ತೆಗೆದಾಗ ಎಂಜಿನು ನಡುಗದೆ ನಿಲ್ಲುವಂತೆ ಮಾಡುವುದು.

ಹಿಂದೆ ಪೆಡಲಿನಿಂದ ಪಂಪಿನವರೆಗೆ ಒಂದು ಉಕ್ಕಿನ ತಂತಿ ಇರುತ್ತಿತ್ತು. ತುಳಿದರೆ ತಂತಿ ಎಳೆಯುತ್ತಿತ್ತು. ತಂತಿ ಹರಿದರೆ ದಾರಿಬದಿಯ ಹುಡುಗನೂ ಗಂಟು ಹಾಕಿಕೊಡುತ್ತಿದ್ದ. ಈಗ ತಂತಿಯಿಲ್ಲ. ಪೆಡಲಿನ ಬುಡದಲ್ಲಿ ಎರಡು ಅಳತೆಗಾರರು ಕುಳಿತು, ಕಾಲು ಎಷ್ಟು ಇಳಿಯಿತೆಂಬುದನ್ನು ವಿದ್ಯುತ್ತಿನ ಭಾಷೆಯಲ್ಲಿ ಗಣಕಕ್ಕೆ ತಿಳಿಸುತ್ತಾರೆ. ಹಲವು ಕಾರುಗಳಲ್ಲಿ ಒಬ್ಬನು ಹೇಳುವ ಅಂಕಿ ಇನ್ನೊಬ್ಬನು ಹೇಳುವುದರ ಎರಡರಷ್ಟಿರಬೇಕೆಂದು ಕಟ್ಟಳೆ. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಗಣಕವು ಯಾರನ್ನೂ ನಂಬದೆ ಎಂಜಿನಿನ ಶಕ್ತಿಯನ್ನು ಕಟ್ಟಿಹಾಕುತ್ತದೆ. ಬೇರೆ ಕೆಲವು ದೋಷಗಳು ಕಂಡಾಗಲೂ ಹೀಗೆಯೇ. ಇದನ್ನು ಕಾರಿನವರು ‘ಲಿಂಪ್ ಮೋಡ್’ ಎನ್ನುತ್ತಾರೆ. ನಾವು ಕುಂಟು ನಡೆ ಎನ್ನಬಹುದು. ಎಂಜಿನು ಸಾಮಾನ್ಯವಾಗಿ ಮೂರು ಸಾವಿರ ಸುತ್ತಿನೊಳಗೇ ಉಳಿಯುತ್ತದೆ. ಹೆಚ್ಚಿನ ಕೇಡು ಆಗದಿರಲೆಂದು ಗಾಡಿ ತಾನೇ ತನಗೆ ವಿಧಿಸಿಕೊಂಡ ಪಥ್ಯ ಅದು.

ನಮ್ಮ ದೇಶದಲ್ಲಿ ಈ ಹಳದಿ ದೀಪಕ್ಕೆ ಕಾನೂನಿನ ಬೆಂಬಲವಿದೆ. ವಾಹನವು ತನ್ನ ಹೊಗೆಗೆ ಸಂಬಂಧಿಸಿದ ದೋಷಗಳನ್ನು ತಾನೇ ಪತ್ತೆಹಚ್ಚಿ ಬರೆದಿಡಬೇಕೆಂಬ ನಿಯಮವು ಭಾರತ್ ಸ್ಟೇಜ್ 4ರ ವಾಹನಗಳಿಗೆ 2010ರ ಏಪ್ರಿಲಿನಲ್ಲಿ ಮೊದಲ ಹಂತವಾಗಿ, 2013ರ ಏಪ್ರಿಲಿನಲ್ಲಿ ಇನ್ನಷ್ಟು ಬಿಗಿಯಾಗಿ ಜಾರಿಗೆ ಬಂತು. ಕಾರು ಬರೆದಿಡುವುದು ಸಂಖ್ಯೆಯೊಂದನ್ನೇ ಅಲ್ಲ. ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಎಂಜಿನು ಎಷ್ಟು ಸುತ್ತುತ್ತಿತ್ತು, ನೀರು ಎಷ್ಟು ಕಾದಿತ್ತು ಎಂಬ ಒಂದು ಛಾಯಾಚಿತ್ರವನ್ನೂ ತೆಗೆದಿಡುತ್ತದೆ. ಸಂಖ್ಯೆಯನ್ನು ಅಳಿಸಿದರೆ ಆ ಚಿತ್ರವೂ ಅದರೊಡನೆ ಅಳಿಸಿಹೋಗುತ್ತದೆ. ಅತ್ತೆಯವರ ಮಾತು ಆ ದಿನ ನಮಗೆ ಹಲವು ಸಾವಿರ ರೂಪಾಯಿಗಳನ್ನು ಉಳಿಸಿತು.

ತುಮಕೂರಿನ ಹೊರವಲಯದಲ್ಲಿ ಕಂಡ ಒಂದು ದೊಡ್ಡ ವರ್ಕ್‌ಷಾಪಿಗೆ ಹೋದೆವು. ಗಾಜಿನ ಕೋಣೆ, ತಣ್ಣನೆಯ ಗಾಳಿ, ಕುಡಿಯಲು ಕಾಫಿ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು: ಪಿ 0299, ಎಂದರೆ ಟರ್ಬೊದ ಒತ್ತಡ ಸಾಲದು, ಟರ್ಬೊ ಹೋಗಿದೆ, ಹೊಸದನ್ನು ತರಿಸಬೇಕು, ನಾಲ್ಕು ದಿನ, ಬೆಲೆ ಹತ್ತಾರು ಸಾವಿರ. ಮುಂಗಡ ಕೊಟ್ಟರೆ ಈಗಲೇ ಬರೆದುಕೊಳ್ಳುತ್ತೇವೆ ಎಂದರು. ಅಷ್ಟು ಹೊತ್ತಿನಲ್ಲಿ ಬಾನೆಟ್ಟನ್ನು ತೆರೆದದ್ದನ್ನು ನಾವು ಕಾಣಲಿಲ್ಲ. ಆ ಸಂಖ್ಯೆ ಹೇಳುವುದು ಒಂದೇ ಮಾತು: ಗಣಕವು ಬಯಸಿದಷ್ಟು ಒತ್ತಡದ ಗಾಳಿ ಎಂಜಿನಿಗೆ ಮುಟ್ಟಲಿಲ್ಲ. ಏಕೆ ಮುಟ್ಟಲಿಲ್ಲವೆಂಬುದು ಅದಕ್ಕೆ ತಿಳಿಯದು. ವರ್ಕ್‌ಷಾಪಿನವರು ಪೂರ್ವದಿಂದ ಶಿವಗಂಗೆಯನ್ನು ನೋಡಿ ನಂದಿಯೆಂದರು. ಸುತ್ತಿ ಬರುವ ಶ್ರಮವನ್ನು ತೆಗೆದುಕೊಳ್ಳಲಿಲ್ಲ. ಹಾಗೆ ನೋಡಿದರೆ ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಮಾರಿದ ಸಾಮಾನಿಗೆ ಲಾಭ ಬರುವ, ಹುಡುಕಿದ ಹೊತ್ತಿಗೆ ಕೂಲಿ ಬಾರದ ವ್ಯವಸ್ಥೆಯಲ್ಲಿ ಹುಡುಕುವವನು ಯಾರು?

ಯೋಚಿಸಿ ಹೇಳುತ್ತೇವೆಂದು ಹೊರಟೆವು. ಗುಬ್ಬಿಯ ಚಿಕ್ಕತ್ತೆಯ ಮಗನಿಗೆ ಫೋನು ಮಾಡಿದಾಗ, “ನಿಧಾನವಾಗಿ ಎಡಗಡೆ ಹಿಡ್ಕೊಂಡು ಬಂದುಬಿಡಿ ಭಾವ, ಇಲ್ಲೊಬ್ಬರು ಯಜಮಾನ್ರಿದಾರೆ,” ಎಂದರು. ನಲವತ್ತರ ವೇಗದಲ್ಲಿ ಹೊರಟರೆ ಕಾರು ಮುನಿಸಿಕೊಳ್ಳಲಿಲ್ಲ. ಆ ನಿಧಾನದಿಂದ ಒಂದು ಲಾಭವೂ ಆಯಿತು. ಎರಡು ಕಡೆಯೂ ತೆಂಗಿನ ತೋಟಗಳು, ನಡುವೆ ಅಡಿಕೆ, ಅಲ್ಲಲ್ಲಿ ರಾಗಿಯ ಹೊಲ, ಹಂಚಿನ ಮನೆಗಳ ಮುಂದೆ ಒಣಗಹಾಕಿದ ಕೊಬ್ಬರಿಯ ಬಟ್ಟಲುಗಳು. ಕಲ್ಪತರುನಾಡೆಂಬ ಹೆಸರನ್ನು ಈ ಸೀಮೆ ಸುಮ್ಮನೆ ಪಡೆದಿಲ್ಲ. ಎಂಬತ್ತರ ವೇಗದಲ್ಲಿ ಇವೆಲ್ಲ ಒಂದು ಹಸುರು ಗೆರೆಯಾಗಿಬಿಡುತ್ತಿದ್ದವು.

ಗುಬ್ಬಿಯ ಹೆಸರನ್ನು ಕರ್ನಾಟಕದ ಮೂಲೆಮೂಲೆಗೆ ಮುಟ್ಟಿಸಿದ್ದು ನಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದು, ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತು. ಅತ್ತೆಯವರು ಕಂಪನಿಯ ನಾಟಕವನ್ನು ಬಾಲ್ಯದಲ್ಲಿ ನೋಡಿದವರು. ದೀಪ ಆರಿ ಹತ್ತುವಷ್ಟರಲ್ಲಿ ಕಾಡು ಅರಮನೆಯಾಗುತ್ತಿತ್ತೆಂದು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಇತ್ತೀಚೆಗೆ ತಾಲ್ಲೂಕಿಗೆ ಇನ್ನೊಂದು ಹೆಸರು ಕೂಡಿಕೊಂಡಿದೆ. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಅಲ್ಲಿ ತಯಾರಾಗುವ ಯಂತ್ರದಲ್ಲಿ ಎಚ್ಚರಿಕೆಯ ದೀಪ ಹತ್ತಿದರೆ ರಸ್ತೆಯ ಅಂಚಿಗೆ ನಿಲ್ಲಿಸಿ ಫೋನು ಮಾಡುವ ಸೌಕರ್ಯವಿಲ್ಲ!

ಯಜಮಾನರ ಗ್ಯಾರೇಜು ಬೇವಿನ ಮರದ ಕೆಳಗಿನ ಒಂದು ತಗಡಿನ ಶೆಡ್ಡು. ವಯಸ್ಸು ಅರವತ್ತೈದರ ಮೇಲೆ. ಕಿವಿಯ ಮೇಲೆ ಪೆನ್ಸಿಲು. ಯೌವನದಲ್ಲಿ ಲಾರಿಗಳ ಡೀಸೆಲ್ ಪಂಪುಗಳನ್ನು ಬಿಚ್ಚಿ ಜೋಡಿಸಿದವರು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೊ ಕಂಪನಿಯ ಪಂಪುಗಳೇ ಆಗಿನ ಲಾರಿಗಳ ಹೃದಯ. ಅವುಗಳ ಬಡಿತವನ್ನು ಕೇಳಿಯೇ ರೋಗ ಹೇಳುತ್ತಿದ್ದರಂತೆ. ಈಗ ಗಣಕದ ಕೆಲಸವನ್ನು ಅವರ ಮಗಳು ನೋಡಿಕೊಳ್ಳುತ್ತಾಳೆ, ಡಿಪ್ಲೊಮಾ ಓದಿದವಳು. ತಂದೆ ಕೇಳುವವರು, ಮಗಳು ಓದುವವಳು.

“ಸಂಖ್ಯೆ ಅಳಿಸಿದೀರಾ ಸ್ವಾಮಿ?” ಎಂಬುದೇ ಅವರ ಮೊದಲ ಪ್ರಶ್ನೆ. ಇಲ್ಲವೆಂದಾಗ ಮುಖ ಅರಳಿತು. ಮಗಳು ಆ ಛಾಯಾಚಿತ್ರವನ್ನು ತೆರೆದು ಓದಿದಳು: ವೇಗ 78, ಸುತ್ತು 2600, ಪೆಡಲು ಪೂರ್ತಿ ಇಳಿದಿದೆ. “ಭಾರ ಬಿದ್ದಾಗ ಮಾತ್ರ ಬರ್ತಿದೆ ಅಪ್ಪಾಜಿ,” ಎಂದಳು.

ಬಳಿಕ ನಡೆದದ್ದನ್ನು ನಾನು ಒಂದು ಸ್ಟೂಲಿನ ಮೇಲೆ ಕುಳಿತು ನೋಡಿದೆ. ಟರ್ಬೊದ ಹತ್ತಿರ ಅವರು ಹೋಗಲೇ ಇಲ್ಲ. ಮೊದಲು ಚಾಲಕನ ಕಾಲಡಿಯ ಚಾಪೆಯನ್ನು ತೆಗೆದು ಪೆಡಲು ತಳ ಮುಟ್ಟುವುದೋ ಇಲ್ಲವೋ ನೋಡಿದರು. ಚಾಪೆ ಸರಿದು ಪೆಡಲಿಗೆ ಸಿಕ್ಕಿಕೊಂಡದ್ದಕ್ಕೇ ಎಂಜಿನು ಬಿಚ್ಚಿಸಿಕೊಂಡವರಿದ್ದಾರಂತೆ. ಆಮೇಲೆ ಎಂಜಿನು ಓಡದಂತೆ ಕೀಲಿಯನ್ನಷ್ಟೇ ತಿರುಗಿಸಿ ಪೆಡಲನ್ನು ಮೆಲ್ಲಗೆ ಒತ್ತಿದರು. ಮಗಳು ಪರದೆಯ ಮೇಲೆ ಎರಡು ಅಂಕಿಗಳನ್ನು ಓದುತ್ತ ಹೋದಳು. ಒಂದು ಇನ್ನೊಂದರ ಎರಡರಷ್ಟು. ಎಲ್ಲಿಯೂ ಎಗರದೆ, ಮುಗ್ಗರಿಸದೆ ಏರಿದವು, ಇಳಿದವು. “ಕಾಲಿನ ತಪ್ಪಿಲ್ಲ,” ಎಂದರು ಯಜಮಾನರು. ಡೀಸೆಲಿನ ಶೋಧಕ ಕಟ್ಟಿಕೊಂಡರೂ ಏರಿನಲ್ಲಿ ಗಾಡಿ ಸೋಲುತ್ತದೆ. ಆದರೆ ಆಗ ಬರುವ ಸಂಖ್ಯೆ ಬೇರೆ. ಅಳಿಯ ಅದೇಕೆಂದು ಕೇಳಿದ್ದಕ್ಕೆ, ಇಂಧನದ ಒತ್ತಡಕ್ಕೂ ಗಾಳಿಯ ಒತ್ತಡಕ್ಕೂ ಬೇರೆ ಬೇರೆ ಅಳತೆಗಾರರಿದ್ದಾರೆಂದು ಮಗಳು ವಿವರಿಸಿದಳು.

ಮುಂದಿನದು ಇ.ಜಿ.ಆರ್. ಎಂಬ ಕವಾಟ. ಹೊರಹೋಗುವ ಹೊಗೆಯ ಒಂದು ಪಾಲನ್ನು ಅದು ಮತ್ತೆ ಎಂಜಿನಿಗೆ ಉಣಿಸುತ್ತದೆ. ಉರಿಯ ಕಾವು ತಗ್ಗಿ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಕಡಿಮೆಯಾಗಲೆಂಬುದು ಉದ್ದೇಶ. ಆದರೆ ಹೊಗೆಯ ಮಸಿಯೂ ಎಂಜಿನಿನ ಎಣ್ಣೆಯ ಆವಿಯೂ ಕೂಡಿದರೆ ಡಾಂಬರಿನಂಥ ಜಿಡ್ಡಾಗುತ್ತದೆ. ಮುಂದಿನ ಚೌಕದಿಂದ ಹಿಂದಿನ ಚೌಕಕ್ಕೆ ಮಾತ್ರ ಓಡಾಡುವ ಊರಿನ ಕಾರುಗಳಲ್ಲಿ ಈ ಜಿಡ್ಡು ಬೇಗ ಬೆಳೆದು, ಕವಾಟ ಮುಚ್ಚದೆ ನಿಂತರೆ ಕರಿಹೊಗೆ, ಎಳೆತವಿಲ್ಲ. ನಮ್ಮದನ್ನು ಬಿಚ್ಚಿದಾಗ ಮಸಿಯಿತ್ತು. ಆದರೆ ಕವಾಟ ಸಲೀಸಾಗಿ ಆಡುತ್ತಿತ್ತು. ಕುಂಚದಿಂದ ತೊಳೆದು ಹಾಕಿದರು. ಅದನ್ನು ತಗಡು ಹಾಕಿ ಶಾಶ್ವತವಾಗಿ ಮುಚ್ಚಿಬಿಟ್ಟರೆ ತೊಂದರೆಯೇ ಇಲ್ಲವಂತಲ್ಲ ಎಂದು ನನ್ನ ಅಳಿಯ ಕೇಳಿದ. ಯಜಮಾನರು ಕೈ ಒರೆಸಿಕೊಳ್ಳುತ್ತ, “ಮಾಡೋರಿದಾರೆ. ನಾನು ಮಾಡಲ್ಲ. ಆ ಹೊಗೆ ಕುಡಿಯೋರು ನಮ್ಮೂರ ಮಕ್ಕಳೇ ತಾನೆ?” ಎಂದರು.

ಇನ್ನು ಉಳಿದದ್ದು ಗಾಳಿಯ ದಾರಿ. ಟರ್ಬೊ ಎಂದರೆ ಹೊಗೆಯ ರಭಸಕ್ಕೆ ತಿರುಗುವ ಒಂದು ಪುಟ್ಟ ಚಕ್ರ. ಅದೇ ಅಚ್ಚಿಗೆ ಜೋಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಈ ಚಕ್ರದಿಂದ ಹೊರಟ ಗಾಳಿ, ತಣಿಯುವ ಪೆಟ್ಟಿಗೆಯೊಂದನ್ನು ಹಾಯ್ದು, ರಬ್ಬರಿನ ಕೊಳವೆಗಳ ಮೂಲಕ ಎಂಜಿನನ್ನು ಸೇರುತ್ತದೆ. ಯಜಮಾನರು ಗಾಳಿಯ ಶೋಧಕವನ್ನು ಕಳಚಿ, ಆ ಬಾಯಿಗೆ ತಾವೇ ಮಾಡಿಕೊಂಡ ಒಂದು ಬಿರಡೆಯನ್ನು ಸಿಕ್ಕಿಸಿದರು. ಹಳೆಯ ಡಬ್ಬಿಯ ಮುಚ್ಚಳ. ಅದರ ನಡುವೆ ಸೈಕಲ್ ಟ್ಯೂಬಿನ ವಾಲ್ವು! ಎಂಜಿನು ನಿಂತಿರುವಾಗಲೇ ಅದರ ಮೂಲಕ ಸ್ವಲ್ಪ ಸ್ವಲ್ಪವಾಗಿ ಗಾಳಿ ತುಂಬಿದರು. ಮಗಳು ಚೊಂಬಿನಲ್ಲಿ ಸಾಬೂನಿನ ನೀರನ್ನು ಕಲಸಿ ತಂದು ಕೊಳವೆಗಳ ಉದ್ದಕ್ಕೂ ಸವರಿದಳು. ಎಲ್ಲರೂ ಬಗ್ಗಿ ನೋಡುತ್ತಿದ್ದೆವು. ಮೇಲಿನ ಕೊಳವೆಯಲ್ಲಿ ಏನೂ ಇಲ್ಲ. ಹಿಡಿಕೆಗಳ ಬಳಿ ಏನೂ ಇಲ್ಲ. ಕೆಳಗಿನ ಕೊಳವೆಯ ಬಾಗಿನಲ್ಲಿ, ಎಣ್ಣೆ ಜಿನುಗಿ ಧೂಳು ಮೆತ್ತಿದ್ದ ಒಂದು ಕಡೆ, ಸಣ್ಣ ಗುಳ್ಳೆಗಳ ಗುಂಪೊಂದು ಮಲ್ಲಿಗೆಯ ಮೊಗ್ಗುಗಳಂತೆ ಉಬ್ಬಿ ಉಬ್ಬಿ ಒಡೆಯತೊಡಗಿತು.

ಗಾಳಿಯನ್ನು ಬಿಟ್ಟಾಗ ಅಲ್ಲಿ ಸೀಳಿರುವುದೇ ತಿಳಿಯುತ್ತಿರಲಿಲ್ಲ. ಬೆರಳಿನಿಂದ ಬಿಡಿಸಿ ತೋರಿಸಿದ ಮೇಲೆ ಒಂದು ಅಂಗುಲದಷ್ಟು ಉದ್ದದ ಬಿರುಕು ಕಂಡಿತು. ಎಂಜಿನು ಮೆಲ್ಲಗೆ ಓಡುವಾಗ ಅದು ತುಟಿ ಮುಚ್ಚಿಕೊಂಡಿರುತ್ತದೆ, ಏರಿನಲ್ಲಿ ಒತ್ತಡ ಬಂದಾಗ ತೆರೆಯುತ್ತದೆ, ಗಾಳಿ ಸೋರುತ್ತದೆ, ಗಣಕವು ಕೊರತೆಯನ್ನು ಕಂಡು ಗಾಡಿಯನ್ನು ಕುಂಟಿಸುತ್ತದೆ. ಟರ್ಬೊವಿನ ಚಕ್ರವನ್ನು ಕೊನೆಗೊಮ್ಮೆ ಬೆರಳಿನಿಂದ ಅಲುಗಿಸಿ ನೋಡಿ, ಅದು ಗಟ್ಟಿಯಾಗಿದೆಯೆಂದು ತಲೆಯಾಡಿಸಿದರು. ಹೊಸ ಕೊಳವೆ ತುಮಕೂರಿನಿಂದ ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಬಂತು. ಅದರ ಬೆಲೆ ಎರಡು ಸಾವಿರವನ್ನು ಮುಟ್ಟಲಿಲ್ಲ. ಹುಡುಕಿದ್ದಕ್ಕೆಂದು ಬೇರೆಯಾಗಿ ಸಾವಿರ ರೂಪಾಯಿ ಕೇಳಿದರು. ನನ್ನ ಶ್ರೀಮತಿ ಎಂದಿನಂತೆ ಚೌಕಾಸಿಗೆ ಇಳಿಯದೆ ಕೊಟ್ಟಳೆಂಬುದನ್ನು ಇಲ್ಲಿ ದಾಖಲಿಸಬೇಕು.

ಹಣ ಎಣಿಸಿಕೊಂಡ ಮೇಲೆಯೂ ಅವರು ದೀಪವನ್ನು ಆರಿಸಲಿಲ್ಲ. “ತಾನಾಗಿ ಆರಲಿ ಸ್ವಾಮಿ. ನಾಲ್ಕು ಸಲ ಹತ್ತಿ ಇಳಿದು ಓಡಾಡಿದಾಗ ಮತ್ತೆ ದೋಷ ಕಾಣ್ಲಿಲ್ಲ ಅಂದ್ರೆ ಅದೇ ಆರುತ್ತೆ. ನಾನು ಆರಿಸಿದ್ರೆ ನಿಮಗೆ ನನ್ನ ಮಾತೇ ಗತಿ. ಅದು ಆರಿದ್ರೆ ಗಾಡಿಯ ಮಾತು.” ಸಾಮಾನ್ಯವಾಗಿ ಮೂರು ಸಂಪೂರ್ಣ ಓಟಗಳಲ್ಲಿ ದೋಷ ಮರುಕಳಿಸದಿದ್ದರೆ ದೀಪ ಆರಬೇಕೆಂಬುದು ಈ ವ್ಯವಸ್ಥೆಯ ನಿಯಮ. ಹಳೆಯ ಕಾರನ್ನು ಕೊಳ್ಳುವವರಿಗೆ ಇಲ್ಲೊಂದು ಕಿವಿಮಾತು ಹೇಳಬಹುದು: ಎಂಜಿನನ್ನು ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದಾಗ ಈ ಹಳದಿ ದೀಪ ಒಮ್ಮೆ ಹತ್ತಲೇಬೇಕು. ಹತ್ತದಿದ್ದರೆ ಮಾರುವವನು ಸಾಕ್ಷಿಯ ಬಾಯಿಯನ್ನೇ ಕಟ್ಟಿದ್ದಾನೆಂದು ತಿಳಿಯಿರಿ. 2020ರ ಏಪ್ರಿಲಿನ ನಂತರದ ಭಾರತ್ ಸ್ಟೇಜ್ 6ರ ಡೀಸೆಲ್ ಕಾರುಗಳಿಗಾದರೆ ಮಸಿಯನ್ನು ಹಿಡಿದಿಡುವ ಶೋಧಕವೂ ಉಂಟು. ಅದರೊಳಗಿನ ಮಸಿ ಆಗಾಗ ಸುಟ್ಟು ಬೂದಿಯಾಗಬೇಕು. ಅದಕ್ಕೆ ಇಪ್ಪತ್ತು ನಿಮಿಷವಾದರೂ ಒಂದೇ ವೇಗದ ಓಟ ಬೇಕು. ಮಕ್ಕಳನ್ನು ಶಾಲೆಗೆ ಬಿಡಲು, ತರಕಾರಿ ತರಲು ಮಾತ್ರ ಡೀಸೆಲ್ ಕಾರನ್ನು ಕೊಂಡವರಿಗೆ ಮಾರಾಟಗಾರನು ಇದನ್ನು ಹೇಳುವುದು ಅಪರೂಪ.

ತುಮಕೂರಿಗೆ ಮರಳಿ ಕುಣಿಗಲ್ ರಸ್ತೆಗೆ ತಿರುಗಿದೆವು. ಮೊದಲು ಸಿಗುವುದು ಗೂಳೂರು. ಗಣೇಶ ಚತುರ್ಥಿಯ ದಿನ ಮಣ್ಣು ಹಾಕಲು ಆರಂಭಿಸಿ, ಬಲಿಪಾಡ್ಯಮಿಯಿಂದ ಪೂಜೆಗೊಳ್ಳುವ ಭಾರಿ ಗಾತ್ರದ ಮಣ್ಣಿನ ಗಣಪನಿಗೆ ಈ ಊರು ಪ್ರಸಿದ್ಧ. ಅದರ ಸಮೀಪದಲ್ಲೇ ಕೈದಾಳ. ಹನ್ನೆರಡನೆಯ ಶತಮಾನದ ಚೆನ್ನಕೇಶವನ ಗುಡಿ. ಬೇಲೂರಿನ ವೈಭವವನ್ನು ನಿರೀಕ್ಷಿಸಿ ಬಂದವರಿಗೆ ಹೊರನೋಟ ಸಪ್ಪೆಯೆನಿಸೀತು. ಆದರೆ ಗರ್ಭಗುಡಿಯಲ್ಲಿ ನಿಂತ ಕೇಶವನ ಮುಖವನ್ನು ಎಣ್ಣೆಯ ದೀಪದ ಬೆಳಕಿನಲ್ಲಿ ನೋಡಿದಾಗ ದೂರು ಅಲ್ಲಿಯೇ ನಿಲ್ಲುತ್ತದೆ.

ಊರಿನ ಹೆಸರಿಗೆ ಕಾರಣವಾದ ಕಥೆಯನ್ನು ಅತ್ತೆಯವರು ಪ್ರಾಕಾರದ ಕಲ್ಲಿನ ಮೇಲೆ ಕುಳಿತು ಹೇಳಿದರು. ಇತಿಹಾಸಕಾರರು ಅದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಕೇಳಲು ಅದರಿಂದೇನೂ ಅಡ್ಡಿಯಿಲ್ಲ. ಕ್ರೀಡಾಪುರದ ಜಕಣಾಚಾರಿ ಬೇಲೂರಿನಲ್ಲಿ ವಿಗ್ರಹವೊಂದನ್ನು ಕಡೆದು ಮುಗಿಸಿದಾಗ, ಗುರುತಿಲ್ಲದ ತರುಣ ಶಿಲ್ಪಿಯೊಬ್ಬ ಕಲ್ಲಿನಲ್ಲಿ ದೋಷವಿದೆಯೆಂದ. ತೋರಿಸಿದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆಂದು ಜಕಣ ಪಂಥ ಕಟ್ಟಿದ. ತರುಣನು ಉಳಿಯನ್ನು ಎತ್ತಲಿಲ್ಲ. ವಿಗ್ರಹಕ್ಕೆಲ್ಲ ಗಂಧವನ್ನು ಬಳಿಸಿ ಕಾದ. ಮೈಯೆಲ್ಲ ಒಣಗಿತು, ಹೊಕ್ಕುಳಿನ ಬಳಿ ಮಾತ್ರ ತೇವ ಉಳಿಯಿತು. ಆ ಒಂದು ಕಡೆ ತಟ್ಟಿದಾಗ ಒಳಗಿನಿಂದ ನೀರು, ಮರಳು, ಜೀವಂತ ಕಪ್ಪೆ ಹೊರಬಂದವು. ಬೇಲೂರಿನ ಕಪ್ಪೆ ಚೆನ್ನಿಗರಾಯನಿಗೆ ಆ ಹೆಸರು ಬಂದದ್ದು ಹೀಗೆ. ಆ ತರುಣನು ಜಕಣನ ಮಗ ಡಂಕಣನೆಂದು ಆಮೇಲೆ ತಿಳಿಯಿತು. ತಂದೆಯು ಇಲ್ಲಿ ಕೇಶವನನ್ನು ಸ್ಥಾಪಿಸಿ ಕಳೆದ ಕೈಯನ್ನು ಪಡೆದನಾದ್ದರಿಂದ ಕ್ರೀಡಾಪುರ ಕೈದಾಳವಾಯಿತು.

“ನೆನ್ನೆ ಆ ಹುಡುಗಿ ಸಾಬೂನು ಬಳಿದಳಲ್ಲ ಅಜ್ಜಿ,” ಎಂದ ನನ್ನ ಅಳಿಯ.

“ಅದಕ್ಕೇ ಹೇಳಿದ್ದು ಕಣೋ,” ಎಂದರು ಅತ್ತೆಯವರು. “ಗಂಧ ಬಳಿಯೋದಕ್ಕೆ ಮುಂಚೆ ಅವನು ವಿಗ್ರಹ ಒಡೆದು ನೋಡಲಿಲ್ಲ.”

ಹೆಬ್ಬೂರನ್ನು ದಾಟಿದ ಮೇಲೆ ರಸ್ತೆ ಏರಿಳಿಯುತ್ತ ಸಾಗುತ್ತದೆ. ಒಂದೊಂದು ಏರಿನಲ್ಲೂ ನಾನು ಪೆಡಲನ್ನು ಬೇಕೆಂದೇ ಕೊನೆಯವರೆಗೆ ತುಳಿದೆ. ಅಳಿಯ ಫೋನಿನಲ್ಲಿ ಎರಡು ಗೆರೆಗಳನ್ನು ನೋಡುತ್ತಿದ್ದ: ಗಣಕ ಬೇಡಿದ ಒತ್ತಡ, ಎಂಜಿನಿಗೆ ದೊರೆತ ಒತ್ತಡ. ಎರಡೂ ಜೋಡೆತ್ತುಗಳಂತೆ ಹೆಗಲಿಗೆ ಹೆಗಲು ಕೊಟ್ಟು ಏರಿದವು.

ಕುಣಿಗಲ್ಲಿಗೆ ಎರಡು ಕೀರ್ತಿ. ಒಂದು ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕೆರೆ. ಇನ್ನೊಂದು, ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯಕ್ಕೆ ಕುದುರೆಗಳನ್ನು ಬೆಳೆಸಿ, ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾದ ಕುದುರೆ ಫಾರಂ. ಕುದುರೆ ಕುಂಟಿದರೆ ಬಲ್ಲವರು ಮೊದಲು ಕಾಲನ್ನು ಮುಟ್ಟುವುದಿಲ್ಲವಂತೆ; ದುಡುಕಿಯಲ್ಲಿ ಓಡಿಸಿ ತಲೆಯನ್ನು ನೋಡುತ್ತಾರೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವಾಗ ಕುದುರೆ ತಲೆಯನ್ನು ಮೇಲಕ್ಕೆತ್ತುತ್ತದೆ. ನಿಂತ ಕುದುರೆಯಲ್ಲಿ ಇದು ಕಾಣದು. ನಮ್ಮ ಕೊಳವೆಯ ಸೀಳೂ ನಿಂತ ಎಂಜಿನಿನಲ್ಲಿ ಕಾಣದಂಥದೇ.

ಕೆರೆಯ ಏರಿಯ ಮೇಲೆ ಸಂಜೆಯ ಗಾಳಿ ತಣ್ಣಗಿತ್ತು. ನೀರಿನ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಇಳಿದವು. ಅತ್ತೆಯವರು ಏರಿಯ ಕಲ್ಲಿನ ಮೇಲೆ ಕುಳಿತು ಕೆರೆಯ ಹಾಡನ್ನು ಗುನುಗಿದರು, ಶ್ರೀಮತಿ ದನಿಗೂಡಿಸಿದಳು. ಕತ್ತಲಾಗುವ ಮುನ್ನ ಸೋಲೂರಿನ ಮೇಲೆ ಹೊರಡೋಣವೆಂದು ಕಾರಿನಲ್ಲಿ ಕುಳಿತು ಕೀಲಿಯನ್ನು ತಿರುಗಿಸಿದೆ. ಫಲಕದ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಎಂಜಿನು ಹಿಡಿಯಿತು. ಕೆಂಪು ದೀಪಗಳು ಒಂದೊಂದ��ಗಿ ಆರಿದವು. ಅವುಗಳ ಹಿಂದೆಯೇ ಹಳದಿಯೂ ಆರಿತು. ಸೀಳಿದ ಹಳೆಯ ಕೊಳವೆಯನ್ನು ಯಜಮಾನರು ಕಾಗದದಲ್ಲಿ ಸುತ್ತಿ ನಮಗೇ ಕೊಟ್ಟಿದ್ದರು. ಅದು ಹಿಂದಿನ ಡಿಕ್ಕಿಯಲ್ಲಿ ಗುಬ್ಬಿಯ ತೆಂಗಿನಕಾಯಿಗಳ ಜೊತೆಯಲ್ಲಿ ಉರುಳಾಡುತ್ತ ಬೆಂಗಳೂರಿಗೆ ಬಂತು.